ತಾಯಿಹಲಗೆಯ ಆಯ್ಕೆ

ಮನೆಗೆ ಬೆಲೆಬಾಳುವ ವಸ್ತುವೊಂದನ್ನು ತರುವ ಪ್ರಸಂಗ ಬಂದಾಗ ಗೃಹಸ್ಥರು ಎರಡು ಬಗೆಯ ಸಲಹೆಗಾರರಿಗೆ ಅಂಜಬೇಕು. ಎಲ್ಲಕ್ಕಿಂತ ಹೆಚ್ಚು ಬೆಲೆಯದೇ ಎಲ್ಲಕ್ಕಿಂತ ಒಳ್ಳೆಯದು ಎನ್ನುವವರು ಒಂದು ಬಗೆ. ಯಾವುದಾದರೇನು, ಅಗ್ಗದ್ದು ಸಾಕು ಎನ್ನುವವರು ಇನ್ನೊಂದು ಬಗೆ. ಈ ಇಬ್ಬರೂ ಒಂದೇ ಮನೆಯಲ್ಲಿದ್ದರಂತೂ ಮಾತು ಮುಗಿಯುವುದೇ ಇಲ್ಲ. ಸೀರೆ ಒಡವೆಗಳ ವಿಷಯದಲ್ಲಿ ಈ ಚರ್ಚೆ ನಮಗೆ ಹಳೆಯದು. ಈಗ ಅದು ಕಂಪ್ಯೂಟರಿಗೂ ಬಂದಿದೆ. ಅದರಲ್ಲಿಯೂ, ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಯಂತ್ರವನ್ನು ಬಿಟ್ಟು, ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸಿಕೊಳ್ಳುವವರ ಮನೆಗಳಿಗೆ.

ಅರಸೀಕೆರೆಯ ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆಗೆ ಊರ ಹೊರಗೆ ಒಂದಿಷ್ಟು ತೆಂಗಿನ ತೋಟ. ಮಗ ಬೇಲೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆಯ ವಿಡಿಯೋಗಳನ್ನು ಸಂಕಲನ ಮಾಡುವುದು ಅವನ ಜೀವನೋಪಾಯ. ಅದರ ಜೊತೆಗೆ ಅವನಿಗೊಂದು ಹಂಬಲವೂ ಉಂಟು: ಶಿಲ್ಪವೊಂದನ್ನು ನಾನಾ ಕೋನಗಳಿಂದ ನೂರಾರು ಬಾರಿ ಚಿತ್ರ ತೆಗೆದು, ಆ ಚಿತ್ರಗಳನ್ನೆಲ್ಲ ಕೂಡಿಸಿ, ತೆರೆಯ ಮೇಲೆ ಸುತ್ತಲೂ ತಿರುಗಿಸಿ ನೋಡಬಹುದಾದ ಪ್ರತಿರೂಪವನ್ನು ಸಿದ್ಧಪಡಿಸುವುದು. ಫೋಟೋಗ್ರಾಮೆಟ್ರಿ ಎಂದು ಈ ವಿದ್ಯೆಗೆ ಹೆಸರು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವನ ಹಂಬಲ ಇಮ್ಮಡಿಯಾಗಿದೆ. ಸಾಧಾರಣ ಕಂಪ್ಯೂಟರಿಗೆ ಈ ಕೆಲಸ ಒಗ್ಗದು. ಆದ್ದರಿಂದ ಮನೆಯವರು ಎರಡು ಲಕ್ಷ ರೂಪಾಯಿ ಕೂಡಿಸಿಟ್ಟಿದ್ದಾರೆ. ಅದರಲ್ಲಿ ಅರ್ಧ, ತಂದೆ ಕೊಬ್ಬರಿ ಮಾರಿ ಉಳಿಸಿದ ಹಣ. ಎರಡನೆಯ ಬಾರಿ ಅಷ್ಟು ಹಣ ಬೇಗ ಕೂಡುವುದಿಲ್ಲ.

ಜಗಳ ಮದರ್‌ಬೋರ್ಡಿನ ಮೇಲೆ. ಅದೊಂದಕ್ಕೇ ಐವತ್ತು ಸಾವಿರ ಕೊಟ್ಟರೆ ಯಂತ್ರ ಚಿಗರೆಯಂತೆ ಓಡುವುದೆಂದು ಮಗನ ನಂಬಿಕೆ. “ಒಂದು ಹಲಗೆಗೆ ಏಳೆಂಟು ಸಾವಿರ ಸಾಲದೇನಪ್ಪಾ?” ಎಂದು ತಂದೆಯ ಪ್ರಶ್ನೆ. ಇವರಲ್ಲಿ ಯಾರ ಮಾತು ಸರಿ?

ಮದರ್‌ಬೋರ್ಡು ಎಂದರೆ ತಾಯಿಹಲಗೆ. ಹೆಸರು ಅನ್ವರ್ಥವಾಗಿಯೇ ಇದೆ. ಪ್ರೊಸೆಸರು, ಮೆಮೊರಿ, ಗ್ರಾಫಿಕ್ಸ್ ಕಾರ್ಡು, ಸಂಗ್ರಹದ ಎಸ್‌ಎಸ್‌ಡಿ—ಇವೆಲ್ಲ ಬಂದು ಕೂರುವುದು ಈ ಹಲಗೆಯ ಮೇಲೆ; ಇವುಗಳ ನಡುವಣ ಮಾತುಕತೆ ನಡೆಯುವುದು ಇದರ ತಾಮ್ರದ ಗೆರೆಗಳ ಮೂಲಕ. ಆದರೆ ಒಂದು ಮಾತನ್ನು ಮರೆಯಬಾರದು. ತಾಯಿಹಲಗೆ ತಾನಾಗಿ ಲೆಕ್ಕ ಮಾಡುವುದಿಲ್ಲ, ಚಿತ್ರ ಬಿಡಿಸುವುದಿಲ್ಲ. ಒಂದೇ ಪ್ರೊಸೆಸರನ್ನು ಇಪ್ಪತ್ತು ಸಾವಿರದ ಹಲಗೆಯ ಮೇಲೂ ಐವತ್ತು ಸಾವಿರದ ಹಲಗೆಯ ಮೇಲೂ ಕೂರಿಸಿ ನೋಡಿದರೆ, ಎರಡೂ ಅದಕ್ಕೆ ಬೇಕಾದ ವಿದ್ಯುತ್ತನ್ನು ಸರಿಯಾಗಿ ಒದಗಿಸುವಂಥವಾದರೆ, ವೇಗದಲ್ಲಿ ತೋರುವ ವ್ಯತ್ಯಾಸ ಅತ್ಯಲ್ಪ.

ಹಾಗಾದರೆ ಹಲಗೆಯ ಪ್ರಯೋಜನವೇನು? ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿಯ ಗೋಡೆಗಳನ್ನು ಕಣ್ತುಂಬ ನೋಡುತ್ತಾರೆ. ತಮ್ಮ ಕಾಲ ಕೆಳಗಿನ ಜಗತಿಯನ್ನು ನೋಡುವವರು ವಿರಳ. ಆದರೂ ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗುಡಿಗಳನ್ನು ಹೊತ್ತು ನಿಂತಿರುವುದು ಆ ಜಗತಿಯೇ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಅದರ ಕಂಬಗಳ ನಡುವೆ ಜಾಲಂಧ್ರಗಳು ಬಂದದ್ದು ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದಲ್ಲಿ; ಹಿಂದಿನದನ್ನು ಕೆಡಹದೆಯೇ ಹೊಸದು ಕೂಡಿತು. ತಾಯಿಹಲಗೆಯಿಂದ ನಾವು ಬಯಸಬೇಕಾದುದೂ ಇಷ್ಟೆ: ಇಂದಿನ ಭಾರವನ್ನು ಹೊರಬೇಕು, ನಾಳೆಯದಕ್ಕೆ ಎಡೆ ಇಟ್ಟಿರಬೇಕು.

ಇನ್ನು ಆರಿಸುವ ಕ್ರಮ. ಹಲಗೆಯಿಂದ ಆರಂಭಿಸಿದರೆ ದಾರಿ ತಪ್ಪುತ್ತದೆ. ಮೊದಲು ಕೆಲಸ, ಆಮೇಲೆ ಆ ಕೆಲಸಕ್ಕೆ ತಕ್ಕ ಪ್ರೊಸೆಸರು, ಆಮೇಲೆ ಆ ಪ್ರೊಸೆಸರಿಗೆ ತಕ್ಕ ಹಲಗೆ. ಪ್ರೊಸೆಸರು ಕೂರುವ ಪೀಠಕ್ಕೆ ಸಾಕೆಟ್ಟು ಎನ್ನುತ್ತಾರೆ. ಒಂದು ಸಾಕೆಟ್ಟಿನ ಪ್ರೊಸೆಸರು ಇನ್ನೊಂದರಲ್ಲಿ ಕೂರುವುದಿಲ್ಲ. ಇಂಟೆಲ್ ಕಂಪನಿಯವರು 2020ರಲ್ಲಿ ಎಲ್‌ಜಿಎ 1200, 2021ರಲ್ಲಿ ಎಲ್‌ಜಿಎ 1700, 2024ರಲ್ಲಿ ಎಲ್‌ಜಿಎ 1851 ಎಂಬ ಸಾಕೆಟ್ಟುಗಳನ್ನು ಹೊರತಂದರು. ಈ ಸಂಖ್ಯೆಗಳು ಪೀಠದಲ್ಲಿರುವ ಸಂಪರ್ಕಬಿಂದುಗಳ ಲೆಕ್ಕ. ಎಎಂಡಿ ಕಂಪನಿಯವರ ನಡೆ ಬೇರೆ. ಅವರ ಎಎಂ4 ಸಾಕೆಟ್ಟಿನ ಹಲಗೆಗಳನ್ನು 2017ರಲ್ಲಿ ಕೊಂಡವರಲ್ಲಿ ಅನೇಕರು, 2022ರಲ್ಲಿ ಬಂದ ಪ್ರೊಸೆಸರನ್ನು ಅದೇ ಹಲಗೆಯ ಮೇಲೆ ಕೂರಿಸಿಕೊಳ್ಳಲು ಸಾಧ್ಯವಾಯಿತು. 2022ರಲ್ಲಿ ಬಂದ ಎಎಂ5 ಸಾಕೆಟ್ಟನ್ನು 2027ರವರೆಗೂ, ಅದರಾಚೆಗೂ ಮುಂದುವರಿಸುವುದಾಗಿ ಅವರು ಸಾರಿದ್ದಾರೆ. ನಾಲ್ಕೈದು ವರ್ಷಗಳ ತರುವಾಯ ಪ್ರೊಸೆಸರನ್ನು ಮಾತ್ರ ಬದಲಿಸುವ ಇರಾದೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ವಿದ್ಯುತ್ತಿನ ಮಾತು. ತಂದೆಯ ಏಳೆಂಟು ಸಾವಿರದ ಹಲಗೆ ಸೋಲುವುದು ಇಲ್ಲಿ. ಪವರ್ ಸಪ್ಲೈಯಿಂದ ಹಲಗೆಗೆ ಬರುವುದು 12 ವೋಲ್ಟು; ಪ್ರೊಸೆಸರಿಗೆ ಬೇಕಾದುದು ಒಂದೂಕಾಲು ವೋಲ್ಟಿನ ಆಸುಪಾಸು. ಇಳಿಸಿ ಕೊಡುವ ಕೆಲಸ, ಸಾಕೆಟ್ಟಿನ ಸುತ್ತ ಇರುವ ವಿಆರ್‌ಎಂ ಎಂಬ ಭಾಗದ್ದು. ವೋಲ್ಟು ಇಳಿದಷ್ಟೂ ಆಂಪಿಯರು ಏರುತ್ತದೆ. ಇಂಟೆಲ್ಲಿನ ಕೋರ್ ಐ9-14900ಕೆ ಎಂಬ ಪ್ರೊಸೆಸರಿನ ಗರಿಷ್ಠ ಮಿತಿ 253 ವ್ಯಾಟು. ಒಂದೂಕಾಲು ವೋಲ್ಟಿನಲ್ಲಿ ಅದು ಸುಮಾರು 200 ಆಂಪಿಯರಾಯಿತು! ನಮ್ಮ ಬಚ್ಚಲುಮನೆಯ ಗೀಸರಿನ ದಪ್ಪ ಪ್ಲಗ್ಗು ತಡೆಯುವುದು 16 ಆಂಪಿಯರನ್ನು ಎಂಬುದನ್ನು ನೆನೆದರೆ, ಅಂಗೈಯಗಲದ ಜಾಗದಲ್ಲಿ ಎಷ್ಟು ಪ್ರವಾಹ ಹರಿಯುತ್ತದೆಂಬುದು ಹೊಳೆದೀತು. ವಿಆರ್‌ಎಂ ದುರ್ಬಲವಾಗಿದ್ದರೆ ಬಿಸಿಯೇರುತ್ತದೆ. ಬಿಸಿ ಮಿತಿ ಮೀರಿದಾಗ ಹಲಗೆಯು ತನ್ನ ರಕ್ಷಣೆಗಾಗಿ ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ. ಪತ್ರ ಬರೆಯುವವರಿಗೆ ಇದು ಗೊತ್ತಾಗುವುದೇ ಇಲ್ಲ. ಮೂರು ಗಂಟೆಯ ಮದುವೆ ವಿಡಿಯೋವನ್ನು ಏಪ್ರಿಲ್ ತಿಂಗಳ ಸೆಖೆಯಲ್ಲಿ ಸಿದ್ಧಪಡಿಸುವವನಿಗೆ ಗೊತ್ತಾಗುತ್ತದೆ.

ಜಾಹೀರಾತಿನಲ್ಲಿ ಇಷ್ಟು ಫೇಸುಗಳ ವಿಆರ್‌ಎಂ ಎಂದು ದೊಡ್ಡ ಸಂಖ್ಯೆಯನ್ನು ಅಚ್ಚು ಹಾಕಿರುತ್ತಾರೆ. ಅದೊಂದನ್ನೇ ನಂಬುವಂತಿಲ್ಲ. ಆ ಭಾಗದ ಮೇಲೆ ದಪ್ಪನಾದ ಲೋಹದ ಹೀಟ್‌ಸಿಂಕು ಇದೆಯೇ, ತಾವು ಕೊಳ್ಳಲಿರುವ ಪ್ರೊಸೆಸರಿನ ಹೆಸರು ತಯಾರಕರ ಪಟ್ಟಿಯಲ್ಲಿದೆಯೇ, ಅದೇ ಹಲಗೆಯನ್ನು ಅದೇ ಪ್ರೊಸೆಸರಿನೊಡನೆ ಗಂಟೆಗಟ್ಟಲೆ ದುಡಿಸಿ ಶಾಖವನ್ನು ಅಳೆದವರ ಪರೀಕ್ಷೆ ಏನು ಹೇಳುತ್ತದೆ—ಈ ಮೂರನ್ನು ವಿಚಾರಿಸಿದರೆ ಸಾಕು.

ಮೂರನೆಯದು ಮೆಮೊರಿ. ಎಎಂ5 ಹಲಗೆಗಳು ಡಿಡಿಆರ್5 ಮೆಮೊರಿಯನ್ನು ಮಾತ್ರ ಒಪ್ಪುತ್ತವೆ. ಎಲ್‌ಜಿಎ 1700ರಲ್ಲಿ ಡಿಡಿಆರ್4ರ ಹಲಗೆಗಳೂ ಡಿಡಿಆರ್5ರ ಹಲಗೆಗಳೂ ಬೇರೆ ಬೇರೆಯಾಗಿ ಬಂದವು. ಒಂದರ ಕಚ್ಚು ಇನ್ನೊಂದಕ್ಕೆ ಹೊಂದದು. ಶಿಲ್ಪಗಳ ಪ್ರತಿರೂಪ ತಯಾರಿಸುವ ಕೆಲಸಕ್ಕೆ 64 ಜಿಬಿ ಇದ್ದರೆ ಮೇಲು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಬಹಳವಾಗಿ ಏರಿದ್ದನ್ನು ಕಂಡವರು 32 ಜಿಬಿಯಿಂದ ಆರಂಭಿಸಿದರೂ ತಪ್ಪಿಲ್ಲ. ಎಷ್ಟೇ ಕೊಂಡರೂ ಎರಡು ಪಟ್ಟಿಗಳಾಗಿ ಕೊಳ್ಳಬೇಕು. ಒಂದೇ ಪಟ್ಟಿಯಾದರೆ ಎರಡು ದಾರಿಗಳಲ್ಲಿ ಒಂದು ಮುಚ್ಚಿದಂತೆ. ನಾಲ್ಕು ಪಟ್ಟಿ ತುಂಬಿದರೆ ಡಿಡಿಆರ್5ರ ವೇಗವನ್ನು ತಗ್ಗಿಸಬೇಕಾಗಿ ಬರುವುದುಂಟು.

ನಾಲ್ಕನೆಯದು ಎಡೆ. ಹಳೆಯ ಸಾಟಾ ತಂತಿಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಹಲಗೆಗೇ ಅಂಟಿಕೊಂಡು ಕೂರುವ ಎಂ.2 ಎಸ್‌ಎಸ್‌ಡಿ ಪಿಸಿಐ ಎಕ್ಸ್‌ಪ್ರೆಸ್ 4ರ ದಾರಿಯಲ್ಲಿ ಸುಮಾರು 7,000 ಎಂಬಿ ಓದಬಲ್ಲದು. ಸ್ಟುಡಿಯೋದವರಿಗೆ ಇಂಥ ಎಡೆ ಎರಡಾದರೂ ಬೇಕು, ಮೂರಿದ್ದರೆ ನೆಮ್ಮದಿ. ಆದರೆ ಕೆಲವು ಹಲಗೆಗಳಲ್ಲಿ ಒಂದು ಎಂ.2 ಎಡೆಯನ್ನು ತುಂಬಿದಾಗ ಸಾಟಾ ಕಿಂಡಿಗಳು ಕೆಲಸ ನಿಲ್ಲಿಸುತ್ತವೆ, ಇಲ್ಲವೆ ಗ್ರಾಫಿಕ್ಸ್ ಕಾರ್ಡಿನ ಹದಿನಾರು ದಾರಿಗಳು ಎಂಟಕ್ಕೆ ಇಳಿಯುತ್ತವೆ. ಈ ಗುಟ್ಟು ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೊಳ್ಳುವ ಮೊದಲೇ ಅದನ್ನು ಓದಬೇಕು. ಹಲಗೆಯ ಅಳತೆಯೂ ಲಕ್ಷ್ಯದಲ್ಲಿರಲಿ: ಎಟಿಎಕ್ಸ್ ಎಂಬುದು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಮೈಕ್ರೋ ಎಟಿಎಕ್ಸ್ ಎರಡು ಕಡೆಯೂ 244 ಮಿ.ಮೀ. ದೊಡ್ಡ ಹಲಗೆಗೆ ಚಿಕ್ಕ ಪೆಟ್ಟಿಗೆ ತಂದರೆ ಸಾಗಣೆಯ ಖರ್ಚು ಎರಡು ಬಾರಿ.

ಇವಿಷ್ಟು ಸರಿಯಿದ್ದ ಮೇಲೆ, ಉಳಿದುದಕ್ಕೆ ಕೊಡುವ ಹಣದ ವಿಷಯದಲ್ಲಿ ಕೈ ಬಿಗಿಹಿಡಿಯುವುದು ಲೇಸು. ಬಣ್ಣಬಣ್ಣದ ದೀಪಗಳಿಂದ ವಿಡಿಯೋ ಬೇಗ ಸಿದ್ಧವಾಗುವುದಿಲ್ಲ. ಪ್ರೊಸೆಸರನ್ನು ಅದರ ಮಿತಿ ಮೀರಿ ಓಡಿಸುವ ಓವರ್‌ಕ್ಲಾಕಿಂಗಿನ ಚಪಲವಿಲ್ಲದವರಿಗೆ ಇಂಟೆಲ್ಲಿನ ‘ಝಡ್’ ಶ್ರೇಣಿಯ ಚಿಪ್‌ಸೆಟ್ಟು ಅನಾವಶ್ಯಕ. ‘ಬಿ’ ಶ್ರೇಣಿ ಸಾಕು. ಎಎಂಡಿಯಲ್ಲಿಯೂ ಒಂದು ಗ್ರಾಫಿಕ್ಸ್ ಕಾರ್ಡು, ಎರಡು ಮೂರು ಎಸ್‌ಎಸ್‌ಡಿ ಇರುವ ಯಂತ್ರಕ್ಕೆ ಬಿ650 ಅಥವಾ ಬಿ850 ಚಿಪ್‌ಸೆಟ್ಟಿನ ಒಳ್ಳೆಯ ಹಲಗೆ ಧಾರಾಳವಾಗಿ ಆದೀತು. ನಮ್ಮ ಅಭಿಪ್ರಾಯದಲ್ಲಿ, ಇಂಥ ಯಂತ್ರದ ಒಟ್ಟು ಹಣದಲ್ಲಿ ಎಂಟನೆಯ ಒಂದು ಪಾಲಿಗಿಂತ ಹೆಚ್ಚು ಹಲಗೆಗೆ ಹೋಗಬಾರದು. ಎರಡು ಲಕ್ಷಕ್ಕೆ ಅದು ಇಪ್ಪತ್ತೈದು ಸಾವಿರ. ಮಗನ ಲೆಕ್ಕದ ಐವತ್ತು ಸಾವಿರದಲ್ಲಿ ಹೀಗೆ ಉಳಿದ ಇಪ್ಪತ್ತೈದು ಸಾವಿರ, ಗ್ರಾಫಿಕ್ಸ್ ಕಾರ್ಡಿಗೋ ಮೆಮೊರಿಗೋ ಸೇರಿದರೆ ಕೆಲಸದಲ್ಲಿ ಕಣ್ಣಿಗೆ ಕಾಣುತ್ತದೆ; ಹಲಗೆಯಲ್ಲಿಯೇ ಉಳಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಹೀಗಿರುವಲ್ಲಿ ತಂದೆಮಕ್ಕಳ ವಾದದಲ್ಲಿ ಇಬ್ಬರದೂ ಅರ್ಧ ಸರಿ. ಹಲಗೆ ಮುಖ್ಯವೆಂದು ಮಗ ಹೇಳಿದುದು ನಿಜ. ಹಲಗೆಯಿಂದ ವೇಗ ಬರುವುದೆಂದು ತಿಳಿದುದು ತಪ್ಪು. ಹಲಗೆಗೆ ದುಂದು ಬೇಡವೆಂದು ತಂದೆ ಹೇಳಿದುದು ನಿಜ. ಯಾವ ಹಲಗೆಯಾದರೂ ಆದೀತೆಂದುದು ತಪ್ಪು.

ಇನ್ನು ಕೊಳ್ಳುವ ದಿನದ ಎಚ್ಚರಿಕೆ. ಬೆಂಗಳೂರಿನಲ್ಲಿ ಇಂಥ ವ್ಯಾಪಾರಕ್ಕೆ ಹೆಸರಾದದ್ದು ಸದರ್ ಪತ್ರಪ್ಪ ರಸ್ತೆ. ಎಲ್ಲರ ಬಾಯಲ್ಲಿ ಅದು ಎಸ್.ಪಿ. ರಸ್ತೆ. ಅರಸೀಕೆರೆ ಜಂಕ್ಷನ್ನಿನವರು ಬೆಳಗಿನ ರೈಲಿಗೆ ಹೋಗಿ ಸಂಜೆಗೆ ಹಿಂತಿರುಗಬಹುದು. ಆದರೆ ಕೆಟ್ಟ ಹಲಗೆಯನ್ನು ಮರಳಿಸುವುದಕ್ಕೆ ಇನ್ನೊಂದು ಪ್ರಯಾಣ ಆಗಬಾರದಷ್ಟೆ. ಆದ್ದರಿಂದ ಅಂಗಡಿಯವರ ಎದುರಿಗೇ ಪೆಟ್ಟಿಗೆ ತೆರೆಯಿಸಿ ಸಾಕೆಟ್ಟನ್ನು ನೋಡಬೇಕು. ಈಗಿನ ಸಾಕೆಟ್ಟುಗಳಲ್ಲಿ ಕೂದಲೆಳೆಯಂಥ ಪಿನ್ನುಗಳು ಹಲಗೆಯಲ್ಲಿಯೇ ಇರುತ್ತವೆ. ಅವುಗಳಲ್ಲಿ ಒಂದು ಬಾಗಿದರೂ ಅದು ಕೊಂಡವರ ಕೈತಪ್ಪೆಂದು ಹೇಳಿ ಗ್ಯಾರಂಟಿಯನ್ನು ನಿರಾಕರಿಸುವ ಸಂಭವ ಹೆಚ್ಚು. ಸಾಕೆಟ್ಟಿನ ಮೇಲಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳಬೇಕು. ಹಲಗೆಯನ್ನು ರಿಪೇರಿಗೆ ಕಳುಹಿಸುವಾಗ ಅದು ಬೇಕಾಗುತ್ತದೆ. ಹಲಗೆಯ ಕ್ರಮಸಂಖ್ಯೆ ನಮೂದಾದ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇವೆಂಬ ಮಾತಿಗೆ ಮರುಳಾದವರು ಮೂರು ವರ್ಷದ ಭರವಸೆಯನ್ನು ಕೆಲವು ನೂರು ರೂಪಾಯಿಗೆ ಮಾರಿದಂತೆಯೇ ಸರಿ.

ಅಂಗಡಿಯಲ್ಲಿಯೇ ಕೇಳಬೇಕಾದ ಇನ್ನೊಂದು ಮಾತುಂಟು: ಹಲಗೆಯಲ್ಲಿರುವ ಬಯಾಸ್ ಎಂಬ ಮೂಲ ತಂತ್ರಾಂಶ ಈ ಪ್ರೊಸೆಸರನ್ನು ಗುರುತಿಸುವಷ್ಟು ಹೊಸದೆ? ಪ್ರೊಸೆಸರಿಲ್ಲದೆಯೇ ಯುಎಸ್‌ಬಿ ಕಡ್ಡಿಯಿಂದ ಬಯಾಸನ್ನು ಹೊಸದಾಗಿಸುವ ಗುಂಡಿ ಹಲಗೆಯ ಹಿಂಬದಿಯಲ್ಲಿದ್ದರೆ ಅದು ದೀಪಗಳಿಗಿಂತ ಸಾವಿರ ಪಾಲು ಮೇಲು. ಬಯಾಸ್ ಎಂದರೆ ಅಲಕ್ಷ್ಯ ಸಲ್ಲದು. ಇಂಟೆಲ್ಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಹೆಚ್ಚಿನ ವೋಲ್ಟಿನಿಂದ ಅಸ್ಥಿರವಾಗುತ್ತವೆಂದು 2024ರಲ್ಲಿ ಆ ಕಂಪನಿಯವರೇ ಒಪ್ಪಿದಾಗ, ಅವರು ಕೊಟ್ಟ ಪರಿಹಾರ ಬಳಕೆದಾರರನ್ನು ತಲುಪಿದ್ದು ಹಲಗೆಯ ಬಯಾಸಿನ ಮೂಲಕ. ಆದ್ದರಿಂದ ನಾಲ್ಕಾರು ವರ್ಷ ಬಯಾಸನ್ನು ತಪ್ಪದೆ ಒದಗಿಸುವ ತಯಾರಕರನ್ನೇ ಆರಿಸುವುದು ವಿವೇಕ.

ಮನೆಗೆ ತಂದ ಮೇಲೆ ಹಲಗೆಯನ್ನು ಅದರ ಚೀಲದಿಂದ ಹೊರತೆಗೆಯುವ ಮುನ್ನ ಭೂಸಂಪರ್ಕವಿರುವ ಲೋಹವನ್ನು ಮುಟ್ಟಬೇಕು. ಮೈಯ ಸ್ಥಿರವಿದ್ಯುತ್ತು ಅಲ್ಲಿಗೆ ಇಳಿದುಹೋಗಲಿ. ಹಳೆಯ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ಕಿಂಡಿ ಹೆಸರಿಗೆ ಮಾತ್ರ ಇರುವುದುಂಟು. ಎಲೆಕ್ಟ್ರಿಷಿಯನ್ನನ್ನು ಕರೆಯಿಸಿ ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು, ಯುಪಿಎಸ್ ಒಂದಿರಬೇಕು. ಮುಂಗಾರಿಗೆ ಮುಂಚಿನ ಗುಡುಗುಮಳೆಯ ಸಂಜೆಗಳಲ್ಲಿ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡುವುದು ಒಳ್ಳೆಯದು. ಇಪ್ಪತ್ತೈದು ಸಾವಿರದ ಹಲಗೆಯನ್ನು ಮಿಂಚಿನಿಂದ ಉಳಿಸುವ ಈ ಕೆಲಸಕ್ಕೆ ಕಾಸಿನ ಖರ್ಚೂ ಇಲ್ಲ.