ಆರೈಕೆಯ ಹಣವೂ ಅಧಿಕಾರವೂ ವಿಕಲಚೇತನರ ಕೈಯಲ್ಲಿರಲಿ

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ ಹಾಗೂ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ನೀಡುವುದಾಗಿ ಕರ್ನಾಟಕ ಸರ್ಕಾರವು 2024-25ರ ಆಯವ್ಯಯದಲ್ಲಿ ಘೋಷಿಸಿತು. ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು, ಸ್ನಾನ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ಉಣಿಸುವುದು ಮುಂತಾಗಿ ಈವರೆಗೆ ಯಾವ ಲೆಕ್ಕಕ್ಕೂ ಬಾರದಿದ್ದ ಕೆಲಸಗಳನ್ನು ಸರ್ಕಾರ ದುಡಿಮೆಯೆಂದು ಗುರುತಿಸಿದ್ದು ಸ್ವಾಗತಾರ್ಹವೇ. ಆದರೆ ಈ ಯೋಜನೆ ವ್ಯಕ್ತಿಯ ಅಗತ್ಯವನ್ನು ಅಳೆಯದೆ ಕಾಯಿಲೆಯ ಹೆಸರನ್ನು ಕೇಳುತ್ತದೆ. ಅದರ ಮೊತ್ತ ಕೆಲಸದ ಭಾರಕ್ಕೆ ಹೊಂದುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆರೈಕೆ ಯಾರಿಗಾಗಿ ನಡೆಯುತ್ತದೆಯೋ ಅವರ ಮಾತಿಗೆ ಅದರಲ್ಲಿ ಜಾಗವಿಲ್ಲ.

ಮೊದಲ ದೋಷವನ್ನು ಕಾನೂನಿನ ಬೆಳಕಿನಲ್ಲಿಯೇ ನೋಡಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿದ್ದು, ಅದರ 24ನೇ ಕಲಮು ‘ಹೆಚ್ಚಿನ ಬೆಂಬಲದ ಅಗತ್ಯವಿರುವ’ ವಿಕಲಚೇತನರಿಗೆ ಆರೈಕೆ ಭತ್ಯೆಯನ್ನು ಸಾಮಾಜಿಕ ಭದ್ರತೆಯ ಭಾಗವಾಗಿಯೇ ಹೆಸರಿಸುತ್ತದೆ. ಹೆಚ್ಚಿನ ಬೆಂಬಲವೆಂದರೆ ದಿನನಿತ್ಯದ ಕೆಲಸಗಳಿಗೆ, ಸ್ವತಂತ್ರವಾಗಿ ನಿರ್ಧಾರ ಕೈಗೊಳ್ಳುವುದಕ್ಕೆ, ಶಿಕ್ಷಣ, ಉದ್ಯೋಗ ಮತ್ತು ಸಮುದಾಯದ ಬದುಕಿನಲ್ಲಿ ಪಾಲ್ಗೊಳ್ಳುವುದಕ್ಕೆ ಬೇಕಾಗುವ ತೀವ್ರ ಸ್ವರೂಪದ ನೆರವು. ಅದನ್ನು ಕೋರಿ ಅರ್ಜಿ ಸಲ್ಲಿಸುವ ಮತ್ತು ಮೌಲ್ಯಮಾಪನ ಮಂಡಳಿಯ ಮೂಲಕ ನಿರ್ಣಯವಾಗುವ ದಾರಿಯನ್ನು 38ನೇ ಕಲಮು ತೋರಿಸುತ್ತದೆ. ಹೀಗೆ ಕಾನೂನಿನ ಅಳತೆಗೋಲು ಅಗತ್ಯವೇ ಹೊರತು ರೋಗನಾಮವಲ್ಲ. ಹಿರಿಯೂರು ತಾಲ್ಲೂಕಿನ ಬಬ್ಬೂರಿನಂಥ ಗ್ರಾಮದಲ್ಲಿ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಕೂಲಿಕಾರನಿಗೆ ಹಗಲಿರುಳೂ ಮತ್ತೊಬ್ಬರ ನೆರವು ಬೇಕಾಗುತ್ತದೆ. ಆದರೂ ಘೋಷಣೆಯ ನಾಲ್ಕು ಹೆಸರುಗಳ ಪಟ್ಟಿಯಲ್ಲಿ ಅವನ ಸ್ಥಿತಿಗೆ ಸ್ಥಾನವಿಲ್ಲ. ಇಂತಹ ವಿಂಗಡಣೆಗೆ ವೈದ್ಯಕೀಯ ಕಾರಣವಾಗಲಿ ನೈತಿಕ ಕಾರಣವಾಗಲಿ ಇರಲಾರದು.

ಮೊತ್ತದ ಪ್ರಶ್ನೆಯೂ ಅಷ್ಟೇ ಗಂಭೀರವಾದುದು. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ 2025-26ರ ಸಾಲಿಗೆ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ರಜೆಯಿಲ್ಲದ ಇಡೀ ತಿಂಗಳ ಆರೈಕೆಗೆ ಸಿಗುವ 1,000 ರೂಪಾಯಿ, ಕೆರೆಯ ಹೂಳೆತ್ತುವ ಕೆಲಸದ ಮೂರು ದಿನದ ಕೂಲಿಗೂ ಸಮನಲ್ಲ. ಇನ್ನು ಮಾಸಾಶನದ ವಿಷಯಕ್ಕೆ ಬಂದರೆ, ವಿಕಲಚೇತನರಿಗೆ ನೀಡುವ ನೆರವು ಇತರರಿಗಿರುವ ಅದೇ ಬಗೆಯ ಯೋಜನೆಗಳಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆಂದು 24ನೇ ಕಲಮು ಹೇಳಿದ್ದರೂ, ಹಿರಿಯ ನಾಗರಿಕರ ಸಂಧ್ಯಾ ಸುರಕ್ಷಾ ಮಾಸಾಶನ 1,200 ರೂಪಾಯಿಗೆ ಏರಿದ ಮೇಲೂ ಶೇ 40ಕ್ಕಿಂತ ಹೆಚ್ಚು, ಶೇ 75ಕ್ಕಿಂತ ಕಡಿಮೆ ನ್ಯೂನತೆ ಇರುವವರ ಮಾಸಾಶನ 800 ರೂಪಾಯಿಯಲ್ಲಿಯೇ ಉಳಿಯಿತು. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ಗಡಿ ದಾಟಿದರೆ ಸಿಗುವ ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿಯೂ ಕನ್ನಡ ಮಾತನಾಡುವ ಕುಟುಂಬಗಳಿವೆ. ಆ ರಾಜ್ಯವು 2024ರ ಜುಲೈಯಿಂದ ವಿಕಲಚೇತನರ ಮಾಸಾಶನವನ್ನು 6,000 ರೂಪಾಯಿಗೂ, ಹಾಸಿಗೆ ಅಥವಾ ಗಾಲಿಕುರ್ಚಿಗೆ ಸೀಮಿತರಾದ ತೀವ್ರ ವಿಕಲಚೇತನರ ಮಾಸಾಶನವನ್ನು 15,000 ರೂಪಾಯಿಗೂ ಏರಿಸಿತು. ಒಂದೇ ಭಾಷೆ, ಒಂದೇ ಬಗೆಯ ಬೆಳೆ ಮತ್ತು ಬರ ಇರುವ ನೆಲದಲ್ಲಿ ರಾಜ್ಯದ ಗಡಿಯೊಂದು ಮನುಷ್ಯನ ಘನತೆಯ ಬೆಲೆಯನ್ನು ಇಷ್ಟು ಬದಲಿಸುವುದಾದರೆ, ಹಣವಿಲ್ಲವೆಂಬ ವಾದಕ್ಕಿಂತ ಮನಸ್ಸಿಲ್ಲವೆಂಬ ಆರೋಪಕ್ಕೇ ಹೆಚ್ಚು ಪುಷ್ಟಿ ದೊರೆಯುತ್ತದೆ.

ಆದರೂ ಪಟ್ಟಿಯನ್ನು ಹಿಗ್ಗಿಸಿ, ಮೊತ್ತವನ್ನು ಹೆಚ್ಚಿಸಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ, ಏಕೆಂದರೆ ಮೂಲ ಪ್ರಶ್ನೆ ಅಧಿಕಾರದ್ದು. ಯಾರು ಸ್ನಾನ ಮಾಡಿಸಬೇಕು, ಎಷ್ಟು ಹೊತ್ತಿಗೆ ಏಳಬೇಕು, ಜಾತ್ರೆಗೋ ಗ್ರಾಮಸಭೆಗೋ ಹೋಗಬೇಕೇ ಎಂಬ ನಿರ್ಧಾರಗಳನ್ನು ನೆರವು ಪಡೆಯುವವರೇ ಕೈಗೊಂಡು, ಸಹಾಯಕರನ್ನು ತಾವೇ ಆರಿಸಿ, ಕೆಲಸ ಹೇಳಿ, ಒಗ್ಗದಿದ್ದರೆ ಬದಲಿಸುವ ವ್ಯವಸ್ಥೆಗೆ ಸ್ವನಿರ್ದೇಶಿತ ಆರೈಕೆ ಎನ್ನಬಹುದು. 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಕಲಚೇತನರೇ ಕಟ್ಟಿದ ಸ್ವತಂತ್ರ ಜೀವನ ಕೇಂದ್ರ ಈ ವಿಚಾರಕ್ಕೆ ಸಂಸ್ಥೆಯ ರೂಪ ಕೊಟ್ಟಿತು. ಬ್ರಿಟನ್ 1996ರ ಕಾಯಿದೆಯ ಮೂಲಕ ಆರೈಕೆಯ ಹಣವನ್ನು ನೇರವಾಗಿ ವ್ಯಕ್ತಿಗೇ ಪಾವತಿಸಲು ಅವಕಾಶ ಕಲ್ಪಿಸಿತು. ಸ್ಕಾಟ್ಲೆಂಡಿನ 2013ರ ಕಾಯಿದೆಯು ಹಣವನ್ನು ತಾವೇ ಪಡೆಯುವ, ಬೇಕಾದ ನೆರವನ್ನು ಆರಿಸಿ ಸ್ಥಳೀಯ ಆಡಳಿತದಿಂದ ಏರ್ಪಾಡು ಮಾಡಿಸಿಕೊಳ್ಳುವ, ಎಲ್ಲವನ್ನೂ ಆಡಳಿತಕ್ಕೇ ಬಿಡುವ ಅಥವಾ ಇವುಗಳನ್ನು ಬೆರೆಸಿಕೊಳ್ಳುವ ನಾಲ್ಕು ಆಯ್ಕೆಗಳನ್ನು ಕೊಟ್ಟಿತು. ಇದು ಪರದೇಶದ ಆದರ್ಶವಷ್ಟೇ ಎನ್ನುವಂತಿಲ್ಲ: ವಿಕಲಚೇತನರ ಹಕ್ಕುಗಳ ಕುರಿತು ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ ಮತ್ತು ನಮ್ಮದೇ ಅಧಿನಿಯಮದ 5ನೇ ಕಲಮು ವೈಯಕ್ತಿಕ ಸಹಾಯವನ್ನು ಸಮುದಾಯದಲ್ಲಿ ಬದುಕುವ ಹಕ್ಕಿನ ಅಂಗವೆಂದೇ ಭಾವಿಸುತ್ತವೆ.

ಮನೆಯವರನ್ನು ನೋಡಿಕೊಳ್ಳುವುದು ಕುಟುಂಬದ ಧರ್ಮ, ಅದಕ್ಕೆ ಕೂಲಿಯ ಲೆಕ್ಕ ತರಬಾರದು ಎಂಬ ಆಕ್ಷೇಪ ನಮ್ಮಲ್ಲಿ ಬಲವಾಗಿದೆ. ಆದರೆ ಕುಟುಂಬದ ಧರ್ಮವೆಂಬುದು ವ್ಯವಹಾರದಲ್ಲಿ ತಾಯಿ, ಹೆಂಡತಿ, ಸೊಸೆ ಅಥವಾ ಶಾಲೆ ಬಿಟ್ಟ ಹೆಣ್ಣುಮಗಳ ಧರ್ಮವಾಗಿ ಉಳಿದಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ 299 ನಿಮಿಷ ಕೊಟ್ಟರೆ ಪುರುಷರು ಕೊಟ್ಟದ್ದು 97 ನಿಮಿಷ. ನೆರವಿನ ಹಣ ವಿಕಲಚೇತನರ ಖಾತೆಗೇ ಬಂದು, ಅವರು ಹೊರಗಿನವರೊಬ್ಬರನ್ನು ನೇಮಿಸಿಕೊಳ್ಳುವಂತಾದರೆ ತಾಯಿಗೂ ಹೊಲಕ್ಕೆ ಹೋಗುವ, ಸಂಘದ ಸಭೆಗೆ ಹೋಗುವ, ಒಂದು ರಾತ್ರಿ ನೆಮ್ಮದಿಯಾಗಿ ನಿದ್ರಿಸುವ ಅವಕಾಶ ಒದಗುತ್ತದೆ. ತಾಯಿಯೇ ಬೇಕೆಂದಾದರೆ ಅವಳಿಗೇ ಸಂಬಳ ಕೊಡಬಹುದು. ಪ್ರೀತಿ ಇದರಿಂದ ಕಡಿಮೆಯಾಗದು, ಹಂಗು ಮಾತ್ರ ಕಡಿಮೆಯಾಗುತ್ತದೆ. ಬೌದ್ಧಿಕ ನ್ಯೂನತೆ ಇರುವವರು ನಿರ್ಧಾರ ಮಾಡಲಾರರೆಂಬ ಇನ್ನೊಂದು ಆಕ್ಷೇಪ, ಮಾತು ಬಾರದಿರುವುದನ್ನು ಇಷ್ಟಾನಿಷ್ಟಗಳೇ ಇಲ್ಲದಿರುವುದೆಂದು ತಪ್ಪಾಗಿ ತಿಳಿಯುತ್ತದೆ. ಯಾರ ಸ್ಪರ್ಶಕ್ಕೆ ಹೆದರುತ್ತಾರೆ, ಯಾರು ಉಣಿಸಿದರೆ ಉಣ್ಣುತ್ತಾರೆ ಎಂಬುದನ್ನು ಗಮನಿಸಿ ಅವರ ಇಚ್ಛೆಯನ್ನು ಅರಿಯಲು ಸಾಧ್ಯವಿದೆ. ನಂಬಿಕಸ್ಥರೊಬ್ಬರ ನೆರವಿನಿಂದ ನಿರ್ಧರಿಸುವುದೂ ನಿರ್ಧಾರವೇ.

ಹಣ ದುರುಪಯೋಗವಾಗಬಹುದೆಂಬ ಆತಂಕಕ್ಕೆ ಪರಿಹಾರ ಹಳ್ಳಿಯಲ್ಲಿಯೇ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸ್ವತಃ ವಿಕಲಚೇತನರು. ಅವರಿಗೆ ತರಬೇತಿಯನ್ನೂ ಬದುಕಲು ಸಾಕಾಗುವಷ್ಟು ಗೌರವಧನವನ್ನೂ ಕೊಟ್ಟರೆ ಅರ್ಜಿ ಬರೆಯಲು, ಸಹಾಯಕರನ್ನು ಹುಡುಕಲು, ಲೆಕ್ಕ ಇಡಲು ನೆರವಾಗಬಲ್ಲರು. ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ವಿಕಲಚೇತನರಿಗೆಂದು ಮೀಸಲಿಡಬೇಕಾದ ಶೇ 5ರ ನಿಧಿಯನ್ನು ಸ್ಥಳೀಯ ಯುವಕ ಯುವತಿಯರಿಗೆ ಆರೈಕೆಯ ತರಬೇತಿ ಕೊಡಿಸಲು ಬಳಸಬಹುದು.

ಆದ್ದರಿಂದ ರಾಜ್ಯ ಸರ್ಕಾರವು ನಾಲ್ಕು ಕಾಯಿಲೆಗಳ ಪಟ್ಟಿಯನ್ನು ಕೈಬಿಟ್ಟು, ಮೌಲ್ಯಮಾಪನ ಮಂಡಳಿಗಳು ಪ್ರತಿ ಜಿಲ್ಲೆಯಲ್ಲೂ ನಿಯತವಾಗಿ ಕೂಡುವಂತೆ ಮಾಡಿ, ಬೇಕಾಗುವ ತಾಸುಗಳಿಗೆ ತಕ್ಕಂತೆ ಕನಿಷ್ಠ ಕೂಲಿಯ ದರದಲ್ಲಿ ಭತ್ಯೆಯನ್ನು ನಿಗದಿಪಡಿಸಿ, ಅದನ್ನು ವಿಕಲಚೇತನರ ಹೆಸರಿಗೇ ಜಮಾ ಮಾಡಬೇಕು. ವೃದ್ಧರೂ ವಿಧವೆಯರೂ ತಮ್ಮ ಮಾಸಾಶನವನ್ನು ತಾವೇ ಖರ್ಚು ಮಾಡಬಲ್ಲರೆಂದು ನಂಬಿದ ರಾಜ್ಯ, ಅದೇ ನಂಬಿಕೆಯನ್ನು ವಿಕಲಚೇತನರ ಮೇಲೆ ಇಡದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.