ಪ್ರತಿ ಮನೆಗೂ ಮಣ್ಣು ಪರೀಕ್ಷೆ ಕಡ್ಡಾಯವಾಗಬೇಕೆ?

ಬಾಗಲಕೋಟೆ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಬಾದಾಮಿಯಲ್ಲಿ ಮರಳುಗಲ್ಲು, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್, ಹುನಗುಂದದ ಸುತ್ತ ಎರೆ ಹೊಲ. ಬಾಗಲಕೋಟೆ ಪಟ್ಟಣವಂತೂ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಭಾಗ ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಅದು ಜಾರಿಯಾದರೆ ಇನ್ನಷ್ಟು ಊರುಗಳು ಎದ್ದು ಹೊಸ ನೆಲದಲ್ಲಿ ಕೂರಬೇಕು. ಹಾಗಿರುವಾಗ, ಮನೆ ಕಟ್ಟಲು ಪರವಾನಗಿ ಕೊಡುವ ಮೊದಲು ಮಣ್ಣು ಪರೀಕ್ಷೆಯ ವರದಿ ಕೇಳಬೇಕೆ?

ಪರ: ಕಾಣದ ಖರ್ಚನ್ನು ಕಾನೂನೇ ಮಾಡಿಸಬೇಕು

ಎರೆ ಸೀಮೆಯ ಮನೆಗೆ ಹೋದರೆ ಕಿಟಕಿಯ ಮೂಲೆ ನೋಡಿ. ಅಲ್ಲಿಂದ ಒಂದು ಬಿರುಕು ಓರೆಯಾಗಿ ಮೇಲೇರಿರುತ್ತದೆ. ಏಪ್ರಿಲ್‌ನಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ತೂರಿಸಬಹುದು. ಮಳೆ ಹಿಡಿದ ಮೇಲೆ ಅದು ಮುಚ್ಚಿಕೊಳ್ಳುತ್ತದೆ, ಆದರೆ ಬಾಗಿಲು ಚೌಕಟ್ಟಿಗೆ ಕಚ್ಚಿ ನಿಲ್ಲುತ್ತದೆ. ಮನೆಯವರು ಗೌಂಡಿಯನ್ನು ಬೈಯುತ್ತಾರೆ, ಗೌಂಡಿ ಸಿಮೆಂಟನ್ನು ಬೈಯುತ್ತಾನೆ. ತಪ್ಪು ಗೌಂಡಿಯದೂ ಅಲ್ಲ, ಸಿಮೆಂಟಿನದೂ ಅಲ್ಲ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಮನೆ ವರ್ಷಕ್ಕೊಮ್ಮೆ ಎದ್ದು ಕೂರುತ್ತದೆ.

ಇದನ್ನು ಮೊದಲೇ ತಿಳಿಯುವುದು ಕಷ್ಟವಲ್ಲ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂನಂತೆ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಇದ್ದಷ್ಟೇ ಇರುತ್ತದೆ. ನೀರಿನಲ್ಲಿ ಎಷ್ಟು ಮೇಲೇರಿತೋ ಅದೇ ಉತ್ತರ.

ಪರಿಹಾರವೂ ಹೊಸದೇನಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಂಬಗಳನ್ನು ಸುಮಾರು 3.5 ಮೀಟರ್ ಆಳಕ್ಕೆ ಇಳಿಸಿದರೆ, ಮೇಲಿನ ಮಣ್ಣು ಕುಣಿದರೂ ಮನೆ ಅಲುಗದು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಉಬ್ಬದ ಜಿಗುಟು ಮಣ್ಣಿನ ಪದರ ಹಾಸಿ ಎರೆಯನ್ನು ಹತೋಟಿಗೆ ತರುವ ದಾರಿ ತೋರಿಸಿದರು. ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೂ ಬಂತು. ಯಾವ ನಿವೇಶನಕ್ಕೆ ಯಾವುದು ಬೇಕು, ಯಾವುದಕ್ಕೆ ಏನೂ ಬೇಡ ಎಂದು ಹೇಳಬೇಕಾದುದು ಪರೀಕ್ಷೆಯೇ.

ಇಷ್ಟವಿದ್ದರೆ ಮಾಡಿಸಿ ಎಂದರೆ ಯಾರೂ ಮಾಡಿಸುವುದಿಲ್ಲ. ತಲೆಬಾಗಿಲಿಗೆ ತೇಗ ತರುವವರು ತಳದ ಮಣ್ಣಿಗೆ ಕಾಸು ಬಿಚ್ಚುವುದಿಲ್ಲ. ನೆಲ ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳದ ಖರ್ಚು. ಮೇಲಾಗಿ, ಮುಳುಗಡೆಯಾದವರು ತಮ್ಮ ಜಾಗವನ್ನು ತಾವು ಆರಿಸಿಕೊಳ್ಳುವುದಿಲ್ಲ. ಕೊಟ್ಟ ಜಾಗದಲ್ಲಿ ಕಟ್ಟುವವರಿಗೆ ಅದರ ಗುಣ ತಿಳಿಯುವ ಹಕ್ಕಾದರೂ ಇರಬೇಕು.

ವಿರೋಧ: ವರದಿ ಹೆಚ್ಚುತ್ತದೆ, ತಿಳಿವಳಿಕೆ ಅಲ್ಲ

ಪರೀಕ್ಷೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಎರಡು ಕೋಣೆಯ ಮನೆಗೂ ವರದಿ ಕಡ್ಡಾಯವೆಂದರೆ ಏನಾಗುತ್ತದೆ ಎಂಬುದಷ್ಟೇ ಮಾತು. 30-40ರ ಸೈಟಿಗೆ ಕೊರೆಯುವ ಯಂತ್ರ ತರಿಸುವುದು ಕೈಮಗ್ಗದವನಿಗೂ ಕೂಲಿಯವನಿಗೂ ಆಗದ ಮಾತು. ಪಕ್ಕದ ಸೈಟಿನ ವರದಿಗೆ ಹೆಸರು ಬದಲಿಸಿ ತರುತ್ತಾರೆ. ಕಡತ ತುಂಬುತ್ತದೆ, ಬುನಾದಿ ಹಾಗೇ ಉಳಿಯುತ್ತದೆ.

ಕೊರೆದರೂ ಸತ್ಯ ಸಿಕ್ಕೀತೆಂಬ ಖಾತರಿಯಿಲ್ಲ. ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಯಲ್ಲಿ 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಮೇ ತಿಂಗಳಲ್ಲಿ ಎರೆಗೆ ಈ ಪೆಟ್ಟು ಕೊಡಿ, ಕಲ್ಲಿನಂತೆ ನಿಲ್ಲುತ್ತದೆ. ಆಗಸ್ಟ್‌ನಲ್ಲಿ ಬನ್ನಿ, ಅದೇ ನೆಲ ಕಾಲು ಹಿಡಿಯುತ್ತದೆ. ಇಳಕಲ್ ಕಡೆ ಮಣ್ಣಿನೊಳಗೆ ಹೂತ ಗುಂಡುಕಲ್ಲಿಗೆ ಕೊರೆ ತಾಗಿದರೆ, ಅವಸರದವನು ತಳಬಂಡೆ ಬಂತೆಂದು ಬರೆದುಬಿಡುತ್ತಾನೆ. ಅರೆಬರೆ ವರದಿಯಿಂದ ಹುಟ್ಟುವ ಧೈರ್ಯ, ವರದಿಯಿಲ್ಲದ ಅಂಜಿಕೆಗಿಂತ ಅಪಾಯ.

ಈ ಸೀಮೆಗೆ ನೆಲದ ಓದು ಹೊಸದೂ ಅಲ್ಲ. ಹಗೇವು ತೋಡಿ ಜೋಳ ತುಂಬಿದವರಿಗೆ ಯಾವ ನೆಲ ಒಸರುತ್ತದೆ ಎಂಬುದು ಗೊತ್ತಿತ್ತು. ಎರೆ ದಾಟಿ ಕೆಳಗಿನ ಗಟ್ಟಿ ಗರಸು ಸಿಗುವ ತನಕ ಅಗಿ ಎನ್ನುವುದು ಗೌಂಡಿಯ ಮೊದಲ ಪಾಠ. ಎರೆ ತೆಳುವಾಗಿದ್ದಲ್ಲಿ ಅಷ್ಟೇ ಸಾಕು. ಆಳಕ್ಕೆ ಅಗಿದರೂ ಗರಸು ಸಿಗದಿದ್ದಲ್ಲಿ ಪರೀಕ್ಷೆ ಬೇಕು, ನಿಜ. ಆದರೆ ಅದು ಸೈಟು ಕೊಂಡವನ ಹೊಣೆಯಲ್ಲ. ಬಡಾವಣೆ ಮಾಡುವವರು, ಪುನರ್ವಸತಿ ಕೇಂದ್ರ ಕಟ್ಟುವ ಸರ್ಕಾರ, ಗೆರೆ ಎಳೆಯುವ ಮೊದಲೇ ಇಡೀ ಜಾಗವನ್ನು ಒಮ್ಮೆ ನೋಡಿಸಬೇಕು. ಬೋರ್‌ವೆಲ್ ಪಾಯಿಂಟ್ ಹುಡುಕಲು ನೆಲಕ್ಕೆ ಕರೆಂಟು ಹರಿಸಿ ನೋಡುವ ಯಂತ್ರ ಹಳ್ಳಿಗಳಿಗೆ ಗೊತ್ತೇ ಇದೆ. ಎರೆ ಎಷ್ಟು ಆಳವಿದೆ ಎಂದು ಅಂದಾಜಿಸಲೂ ಅದು ಆಗುತ್ತದೆ. ಅಲ್ಲಲ್ಲಿ ಕೊರೆದು ಖಾತರಿ ಮಾಡಿಕೊಂಡರಾಯಿತು.

ಸೇತುವೆ, ಕಾಲುವೆ, ರೈಲು ಮಾರ್ಗಗಳಿಗೆ ಈಗಾಗಲೇ ಕೊರೆದ ರಂಧ್ರಗಳ ವಿವರ ಒಂದೊಂದು ಇಲಾಖೆಯ ಕಪಾಟಿನಲ್ಲಿ ಉಳಿದರೆ ಊರಿಗೆ ಏನು ಲಾಭ? ಅವನ್ನೆಲ್ಲ ಒಂದೇ ನಕ್ಷೆಗೆ ತಂದು ಜನರ ಮುಂದಿಡುವುದೇ ಈಗ ಬೇಕಾದ ಹೊಸತನ. ಕೊಟ್ಟ ಜಾಗದ ಗುಣ ತಿಳಿಯುವ ಹಕ್ಕು ಮುಳುಗಡೆಯಾದವರಿಗೆ ಇರಬೇಕೆಂಬ ಮಾತು ಸರಿ. ಅದಕ್ಕೆ ದುಡ್ಡು ಅವರು ಕೊಡಬಾರದು. ಹಕ್ಕುಪತ್ರದಲ್ಲಿ ಸೈಟಿನ ಉದ್ದ, ಅಗಲ ಬರೆಯುವವರು ಗರಸು ಎಷ್ಟು ಅಡಿಗೆ ಸಿಗುತ್ತದೆ ಎಂಬುದನ್ನೂ ಬರೆದುಕೊಡಲಿ.