ಹಳೆಯ ಗಡಿಯಾರದ ಜೀರ್ಣೋದ್ಧಾರ



ಕಳೆದ ತಿಂಗಳು ನಮ್ಮ ಕಮತಗಿಯ ನೇಕಾರ ಮನೆತನದ ತರುಣನೊಬ್ಬನು ಕೈಗಡಿಯಾರವೊಂದನ್ನು ತಂದು ನಮ್ಮ ಮುಂದಿಟ್ಟನು. ಅದು ಎಚ್.ಎಂ.ಟಿ.ಯ 'ಜನತಾ', ದಿನಾಲು ಕೀಲಿ ಕೊಟ್ಟು ನಡೆಯಿಸತಕ್ಕದ್ದು. ಬಾಗಲಕೋಟೆಯಲ್ಲಿ 800 ರೂಪಾಯಿಗೆ ಕೊಂಡಿದ್ದನು. ಅದು ಕೆಲವು ತಾಸಿಗೊಮ್ಮೆ ನಿಂತುಬಿಡುವದು. ರಿಪೇರಿಯವನು ಇನ್ನೂ 900 ಕೇಳಿದನಂತೆ. "ಮಾಸ್ತರ್ರ, ಇದಕ್ಕ ಮತ್ತ ರೊಕ್ಕಾ ಹಾಕಬೇಕೋ, ಬ್ಯಾಡೋ?" ಎಂಬುದು ಅವನ ಪ್ರಶ್ನೆ.

ಈ ಪ್ರಶ್ನೆಯು ಅವನೊಬ್ಬನದಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರಗಳ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರವು 2016ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಆದಕಾರಣ ಒಂದರ ಅಂಗವು ಕೆಟ್ಟರೆ ಬಹುಶಃ ಇನ್ನೊಂದು ಹಳೆಯ ಗಡಿಯಾರದಿಂದಲೇ ತೆಗೆದು ಜೋಡಿಸಬೇಕಾಗುತ್ತದೆ.

ಜನತಾದ ಬ್ಯಾಲೆನ್ಸ್ ಚಕ್ರವು ತಾಸಿಗೆ 18,000 ಸಲ, ಅಂದರೆ ಒಂದು ಅಹೋರಾತ್ರಿಯಲ್ಲಿ 4,32,000 ಸಲ ಅತ್ತಿತ್ತ ಹೊರಳುತ್ತದೆ. ಸವೆತವನ್ನು ತಡೆಯಲು ಅದರೊಳಗೆ 17 ಹರಳುಗಳೂ ತುಸು ಎಣ್ಣೆಯೂ ಇರುವವು. ಎಣ್ಣೆಯು ವರುಷಗಳ ಮೇಲೆ ಒಣಗಿ ಅಂಟಾಗುವದು. ಬಿಚ್ಚಿ ತೊಳೆದು ಹೊಸ ಎಣ್ಣೆ ಕೊಟ್ಟರೆ ಈ ಜಡತೆಯು ಹೋಗುವದು. ತುಕ್ಕಿನ ಮಾತು ಬೇರೆ. ಅದು ಉಕ್ಕಿನ ಸೂಕ್ಷ್ಮ ತುದಿಗಳನ್ನು ತಿಂದುಬಿಟ್ಟರೆ ಮಾಡಿಸಿದ ಖರ್ಚೆಲ್ಲ ವ್ಯರ್ಥ. ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕಬಹುದು. ಹಾಸೇ ಕೊಳೆತಿದ್ದರೆ ನೇಯುವದೆಂತು?

ಆದುದರಿಂದ ಮುಖಕ್ಕೆ ಬಳಿದ ಹೊಸ ಬಣ್ಣಕ್ಕೆ ಮರುಳಾಗದೆ, ಬೆನ್ನಿನ ಮುಚ್ಚಳವನ್ನು ತೆಗೆಯಿಸಿ ನೋಡಬೇಕು. ಒಳಗೆ ತುಕ್ಕಿದೆಯೇ? ಕೀಲಿ ಕೊಟ್ಟಾಗ ಚಕ್ರವು ಉತ್ಸಾಹದಿಂದ ಹೊರಳುವದೇ? ಕೆಟ್ಟಿರುವದು ಒಂದೇ ಅಂಗವೋ, ಹಲವೋ? ಈ ಮೂರಕ್ಕೆ ಉತ್ತರ ದೊರೆತ ಮೇಲೆಯೇ ಹಣದ ಮಾತು.

ತರುಣನ ಗಡಿಯಾರದಲ್ಲಿ ತುಕ್ಕು ಇರಲಿಲ್ಲ. ಹಿಂದೊಮ್ಮೆ ಸ್ಪ್ರಿಂಗು ಕಡಿದ ಹೊಡೆತಕ್ಕೆ, ಅದು ಸುತ್ತಿಕೊಂಡಿರುವ ಹಿತ್ತಾಳೆಯ ಡಬ್ಬಿಯ ಹಲ್ಲೊಂದು ಮುರಿದಿತ್ತು. ಆ ಹಲ್ಲಿನ ಸರದಿ ಬಂದಾಗಲೆಲ್ಲ ನಡಿಗೆ ನಿಲ್ಲುತ್ತಿತ್ತು. ಬೇರೊಂದು ಡಬ್ಬಿ ದೊರೆತರೆ ಸಾಕು.

ಇಲ್ಲಿ ನಾವು ನಮ್ಮ ಮಾತನ್ನೂ ಹೇಳಬೇಕು. 1988ರಲ್ಲಿ ಮೊದಲ ಸಂಬಳದಿಂದ ಕೊಂಡ ಜನತಾ ಒಂದು ನಮ್ಮಲ್ಲಿತ್ತು. 2019ರ ಮಲಪ್ರಭೆಯ ಮಹಾಪೂರದಲ್ಲಿ, ನದಿಯ ದಂಡೆಯ ಬಂಧುಗಳ ಮನೆಯಲ್ಲಿ ಅದು ನೀರುಪಾಲಾಗಿ, ಕೆಸರಿನಲ್ಲಿ ಸಿಕ್ಕಿತು. ಉಕ್ಕೆಲ್ಲ ತುಕ್ಕಾಗಿತ್ತು. ಆದರೂ ಇಬ್ಬರು ಕುಶಲರಲ್ಲಿ ಹಣ ಸುರಿದೆವು. ಎರಡು ಸಲವೂ ಅದು ತಿಂಗಳು ತುಂಬುವದರೊಳಗೆ ನಿಂತಿತು. ಪರರಿಗೆ ಲೆಕ್ಕ ಕಲಿಸಿದವರು ನಮ್ಮ ಲೆಕ್ಕವನ್ನೇ ಮಾಡಿರಲಿಲ್ಲ.

ಒಂದು ರಾತ್ರಿ ಯೋಚಿಸಿ, ಮರುದಿನ ಅದನ್ನು ತರುಣನ ಕೈಗಿತ್ತೆವು. ಅದರ ಹಿತ್ತಾಳೆಯ ಡಬ್ಬಿಯು ಕೆಟ್ಟಿರಲಿಲ್ಲ. ಅದನ್ನು ಜೋಡಿಸಿ, ತೊಳೆದು, ಎಣ್ಣೆ ಕೊಡಲು ರಿಪೇರಿಯವನು 400 ರೂಪಾಯಿ ತೆಗೆದುಕೊಂಡನು. ಈಗ ಆ ಗಡಿಯಾರವು ದಿನಕ್ಕೆ ಒಂದು ನಿಮಿಷ ಮುಂದೆ ಓಡುತ್ತದಂತೆ. ಆ ವಯಸ್ಸಿಗೆ ಅಷ್ಟು ಕ್ಷಮ್ಯ.

ಎಣ್ಣೆ ಒಣಗಿದ್ದರೆ ಮಾಡಿಸಿರಿ. ಒಂದು ಅಂಗ ಮುರಿದಿದ್ದರೆ ಹುಡುಕಿಸಿರಿ. ಒಡಲೇ ತುಕ್ಕಾಗಿದ್ದರೆ ಕೈಬಿಡಿರಿ. ನೆನಪಿಗಾಗಿ ಇಟ್ಟುಕೊಳ್ಳುವದು ತಪ್ಪಲ್ಲ. ಆದರೆ ಅದನ್ನು ರಿಪೇರಿಯ ಖರ್ಚೆಂದು ಮನೆಯವರಿಗೆ ಹೇಳಬೇಡಿರಿ.